ಪ್ರತಿಧ್ವನಿಗೆ ಒಂದು ಕಿವಿ



ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಕುರುಡುಮಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಒಂದೇ ಕಲ್ಲಿನಲ್ಲಿ ಕಡೆದ ಅಲ್ಲಿನ ಗಣಪತಿಯದು ಎರಡಾಳೆತ್ತರ. ಹೊಸ ಕೆಲಸಕ್ಕೆ ಕೈಹಾಕುವವರು ಮೊದಲು ಅಲ್ಲಿಗೆ ಹೋಗಿ ಕೈಮುಗಿಯುವುದು ಆ ಸೀಮೆಯ ರೂಢಿ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಹೊಸ ಕೆಲಸ ಹಿಡಿದುಕೊಂಡು ಆ ಕಡೆ ಹೋಗಿದ್ದೆ. ನೀರಿನ ಬಗ್ಗೆ ಒಂದು ವಿಜ್ಞಾನ ಕಾರ್ಯಕ್ರಮದ ಚಿತ್ರೀಕರಣ. ನಾನು ಓದಿದ್ದು ವಿಜ್ಞಾನ, ಸೇರಿದ್ದು ದೂರದರ್ಶನದ ಕೆಲಸಕ್ಕೆ. ಹಳೆಯ ಚಟ ಬಿಡದೆ, ನಾನೇ ಬೆಸುಗೆ ಹಾಕಿದ್ದ ಒಂದು ಪುಟ್ಟ ಮಂಡಲವನ್ನು ಚೀಲದಲ್ಲಿ ಒಯ್ದಿದ್ದೆ. ಆ ಮಂಡಲ ಮಾಡಿದ ಒಂದು ತಪ್ಪೇ ಇಂದಿನ ನನ್ನ ಮಾತಿನ ವಿಷಯ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಕೆರೆಗಳನ್ನು ನಂಬಿ ಬದುಕಿದರು. ನಾವು ಕೊಳವೆಬಾವಿಗಳನ್ನು ನಂಬಿದೆವು; ಅವು ಎಷ್ಟೋ ಕಡೆ ಸಾವಿರ ಅಡಿಯನ್ನೂ ದಾಟಿ ಹೋದವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಕೆಲಸ ನಡೆದಿದೆ. ಇಂತಹ ಸೀಮೆಯಲ್ಲಿ ಒಂದು ಬಿಂದಿಗೆ ನೀರಿಗೂ ಲೆಕ್ಕವಿರುತ್ತದೆ.

ನಾವು ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ಕುರುಡುಮಲೆಯ ಬಳಿಯ ಒಂದು ಹಳ್ಳಿಯ ಸಿಮೆಂಟಿನ ಓವರ್‌ಹೆಡ್ ಟ್ಯಾಂಕ್. ಅದನ್ನು ನೋಡಿಕೊಳ್ಳುವವರನ್ನು ಊರಿನ ಹಿರಿಯರು ಈಗಲೂ ನೀರುಗಂಟಿ ಎಂದೇ ಕರೆಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಮೂರು ಫೇಸಿನ ಕರೆಂಟು ರಾತ್ರಿ ಯಾವ ಹೊತ್ತಿಗೆ ಬಂದರೂ ಎದ್ದು, ಕಬ್ಬಿಣದ ಏಣಿ ಹತ್ತಿ, ಟಾರ್ಚು ಬಿಟ್ಟು ನೀರು ನೋಡಿ, ಇಳಿದು ಬಂದು ಮೋಟರು ಹಾಕಬೇಕು. ನನ್ನ ಯಂತ್ರವನ್ನು ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿ, ತಂತಿಯನ್ನು ಮೋಟರ್ ಮನೆಗೆ ಎಳೆದು, ಎರಡು ದೀಪ ಇಟ್ಟೆ. "ಇನ್ನು ಏಣಿ ಹತ್ತಬೇಡಿ ಯಜಮಾನರೇ. ಹಸಿರು ದೀಪ ಇದ್ದರೆ ತುಂಬಿದೆ, ಕೆಂಪು ಇದ್ದರೆ ಖಾಲಿ" ಎಂದು ಹೇಳಿದೆ.

ಅಂದು ರಾತ್ರಿಯೆಲ್ಲ ಹಸಿರು ದೀಪವೇ ಉರಿಯಿತು. ಬೆಳಿಗ್ಗೆ ಕೊಳಾಯಿಯ ಮುಂದೆ ಬಿಂದಿಗೆಗಳ ಸಾಲು. ಟ್ಯಾಂಕಿನಲ್ಲಿ ನೀರಿಲ್ಲ. ಕರೆಂಟು ಬಂದು ಹೋಗಿಯೂ ಆಗಿತ್ತು. ಅವರು ನನ್ನನ್ನು ಬಯ್ಯಲಿಲ್ಲ. "ನಿಮ್ಮ ಮಿಷನ್ನು ತುಂಬೈತೆ ಅಂತು ಸಾರ್, ನಾನು ಮಲಗಿಬಿಟ್ಟೆ" ಎಂದರು, ಅಷ್ಟೇ. ಬಯ್ದಿದ್ದರೆ ವಾಸಿಯಾಗಿತ್ತು ಎನಿಸಿತು.

ಹಾಗಾದರೆ ತಪ್ಪು ಎಲ್ಲಿತ್ತು? ಅದನ್ನು ತಿಳಿಯಲು ಮೊದಲು ಯಂತ್ರದ ತತ್ತ್ವವನ್ನು ನೋಡೋಣ.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ದೂರ ಅಳೆಯುವ ಅಗ್ಗದ ಉಪಕರಣಗಳು ಸಾಮಾನ್ಯವಾಗಿ 40 ಕಿಲೋಹರ್ಟ್ಸ್ ಧ್ವನಿಯನ್ನು ಬಳಸುತ್ತವೆ. ಪ್ರೇಷಕ ಎಂಟು ಕಂಪನಗಳಷ್ಟು ಚಿಕ್ಕದಾಗಿ ಕೂಗುತ್ತದೆ. ಆ ಕೂಗು ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗ ಮಾತ್ರ. ಅದು ನೀರಿನ ಮೇಲ್ಮೈಗೆ ಬಡಿದು ಮರಳುತ್ತದೆ. ಗ್ರಾಹಕ ಅದನ್ನು ಕೇಳಿಸಿಕೊಳ್ಳುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಧ್ವನಿಯ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ನಮ್ಮ ಟ್ಯಾಂಕಿನ ಮುಚ್ಚಳದಿಂದ ತಳಕ್ಕೆ ಎರಡೂವರೆ ಮೀಟರ್. ಖಾಲಿ ಟ್ಯಾಂಕಿನ ತಳದ ಪ್ರತಿಧ್ವನಿ ಬರಬೇಕಾದದ್ದು 14.3 ಮಿಲಿಸೆಕೆಂಡಿನ ನಂತರ. ತುಂಬಿದ ಟ್ಯಾಂಕಿನಲ್ಲಿ ನೀರು 40 ಸೆಂಟಿಮೀಟರ್ ಕೆಳಗಿರುತ್ತದೆ. ಅದರ ಪ್ರತಿಧ್ವನಿ 2.3 ಮಿಲಿಸೆಕೆಂಡಿಗೇ ಬರುತ್ತದೆ. ಈ ವ್ಯತ್ಯಾಸದ ಮೇಲೆಯೇ ಆ ಎರಡು ದೀಪಗಳು ನಿಂತಿದ್ದವು.

ಲೆಕ್ಕ ಸುಲಭ. ಕಷ್ಟವಿರುವುದು ಆ ಪ್ರತಿಧ್ವನಿಯನ್ನು ಕೇಳುವುದರಲ್ಲಿ. ಪ್ರೇಷಕಕ್ಕೆ ನಾವು 10 ವೋಲ್ಟ್ ಕೊಡುತ್ತೇವೆ. ಮಾರುಕಟ್ಟೆಯ ಸಾಮಾನ್ಯ 40 ಕಿಲೋಹರ್ಟ್ಸ್ ಜೋಡಿಯ ವಿವರಪಟ್ಟಿ ಹಿಡಿದು ಲೆಕ್ಕ ಹಾಕಿದರೆ, 40 ಸೆಂಟಿಮೀಟರ್ ದೂರದ ನೀರಿನಿಂದ ಗ್ರಾಹಕದಲ್ಲಿ ಹುಟ್ಟುವುದು ಸುಮಾರು 26 ಮಿಲಿವೋಲ್ಟ್. ಎರಡೂವರೆ ಮೀಟರ್ ದೂರದ ತಳದಿಂದ ಸುಮಾರು 2 ಮಿಲಿವೋಲ್ಟ್. ಸಣ್ಣ ಕಂಬಿಯೋ ಬಟ್ಟೆಯೋ ಎದುರಿಗಿದ್ದರೆ ಮಿಲಿವೋಲ್ಟಿನ ಒಂದು ಚೂರು. ಆದ್ದರಿಂದ ಗ್ರಾಹಕದ ಹಿಂದೆ ಒಂದು ವರ್ಧಕ, ಎಂದರೆ ಆಂಪ್ಲಿಫೈಯರ್ ಬೇಕೇ ಬೇಕು.

ಇಲ್ಲಿಯೇ ಹೊಸಬರು ಎಡವುವುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ 741 ಎಂಬ ಆಪ್-ಆಂಪನ್ನು ಬಳಸಿರುತ್ತೇವೆ. ರೆಸಿಸ್ಟರುಗಳ ಅನುಪಾತ ಸಾವಿರ ಇಟ್ಟರೆ ವರ್ಧನೆಯೂ ಸಾವಿರ ಸಿಗುತ್ತದೆ ಎಂದು ತಿಳಿಯುತ್ತೇವೆ. ಸಿಗುವುದಿಲ್ಲ. ಆಪ್-ಆಂಪಿಗೆ ಒಂದು ನಿಗದಿತ ಬಂಡವಾಳವಿದೆ. ವರ್ಧನೆ ಮತ್ತು ಆವೃತ್ತಿಗಳ ಗುಣಲಬ್ಧ ಅದನ್ನು ಮೀರುವಂತಿಲ್ಲ. 741ಕ್ಕೆ ಅದು ಸುಮಾರು 10 ಲಕ್ಷ ಹರ್ಟ್ಸ್. 40 ಸಾವಿರದಿಂದ ಭಾಗಿಸಿ ನೋಡಿ: ಗರಿಷ್ಠ ವರ್ಧನೆ 25. ಎಷ್ಟೇ ದೊಡ್ಡ ರೆಸಿಸ್ಟರ್ ಹಾಕಿದರೂ ಅದಕ್ಕಿಂತ ಹೆಚ್ಚು ಬಾರದು. ಇನ್ನೊಂದು ಮಿತಿಯೂ ಇದೆ. 741ರ ಹೊರವೋಲ್ಟೇಜು ಒಂದು ಮೈಕ್ರೋಸೆಕೆಂಡಿನಲ್ಲಿ ಅರ್ಧ ವೋಲ್ಟಿಗಿಂತ ಬೇಗ ಏರಲಾರದು. 40 ಕಿಲೋಹರ್ಟ್ಸಿನಲ್ಲಿ 2 ವೋಲ್ಟ್ ಎತ್ತರದ ಅಲೆ ಬೇಕೆಂದರೆ ಅಷ್ಟು ವೇಗವೂ ಸಾಲುವುದಿಲ್ಲ; ದುಂಡನೆಯ ಅಲೆ ತ್ರಿಕೋನವಾಗಿ ಮುರಿಯುತ್ತದೆ.

ಆದ್ದರಿಂದ ಎರಡು ಉಪಾಯ. ಒಂದು, ವೇಗದ ಆಪ್-ಆಂಪ್ ಆರಿಸುವುದು. ಟಿಎಲ್072ರ ಬಂಡವಾಳ ಸುಮಾರು 30 ಲಕ್ಷ ಹರ್ಟ್ಸ್. ಏರುವ ವೇಗ ಮೈಕ್ರೋಸೆಕೆಂಡಿಗೆ 13 ವೋಲ್ಟ್. ಎರಡು, ಹೊರೆಯನ್ನು ಹಂಚುವುದು. ಒಬ್ಬನೇ ಸಾವಿರ ಪಟ್ಟು ಮಾಡುವ ಬದಲು, ಒಂದೊಂದೂ ಹತ್ತು ಪಟ್ಟು ಮಾಡುವ ಹಂತಗಳನ್ನು ಸಾಲಾಗಿ ಜೋಡಿಸುವುದು. ಕಟ್ಟಡದ ಕೆಲಸದವರು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ.

ನನ್ನ ಮಂಡಲದ ಒಂದು ಹಂತ ಹೀಗಿತ್ತು. ಒಳಬರುವ ದಾರಿಯಲ್ಲಿ 1 ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಜೊತೆ ಸಾಲಾಗಿ 10 ಕಿಲೋಓಮ್ ರೆಸಿಸ್ಟರ್. ಹಿಂದಿರುಗುವ ದಾರಿಯಲ್ಲಿ 100 ಕಿಲೋಓಮ್, ಅದಕ್ಕೆ ಅಡ್ಡಲಾಗಿ 22 ಪಿಕೋಫ್ಯಾರಡ್. 12 ವೋಲ್ಟಿನ ಒಂದೇ ಬ್ಯಾಟರಿ ಇರುವುದರಿಂದ 10 ಕಿಲೋಓಮಿನ ಎರಡು ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ 6 ವೋಲ್ಟಿನ ಮಧ್ಯಬಿಂದುವನ್ನು ಮಾಡಿಕೊಂಡೆ. ಅಲೆ ಆ ಮಧ್ಯಬಿಂದುವಿನ ಮೇಲೆ ಕೆಳಗೆ ತೂಗಾಡುತ್ತದೆ.

ಆ ಎರಡು ಸಣ್ಣ ಕೆಪಾಸಿಟರುಗಳ ಕೆಲಸವನ್ನು ಗಮನಿಸಿ. ಮೊದಲನೆಯದು ಸುಮಾರು 16 ಕಿಲೋಹರ್ಟ್ಸಿಗಿಂತ ಕೆಳಗಿನದನ್ನು ತಡೆಯುತ್ತದೆ. ಎರಡನೆಯದು ಸುಮಾರು 72 ಕಿಲೋಹರ್ಟ್ಸಿಗಿಂತ ಮೇಲಿನದನ್ನು ಇಳಿಸುತ್ತದೆ. ನಮಗೆ ಬೇಕಾದ 40 ಕಿಲೋಹರ್ಟ್ಸ್ ನಡುವಿನ ಬಾಗಿಲಿನಿಂದ ಎಂಟು ಪಟ್ಟಾಗಿ ಹೊರಬರುತ್ತದೆ. ಗೋಡೆಯ ವಯರಿನಿಂದ ಬರುವ 50 ಹರ್ಟ್ಸಿನ ಗುಂಯ್ ಎನ್ನುವ ಸದ್ದು ಬೆಳೆಯುವುದಿರಲಿ, ಪ್ರತಿ ಹಂತದಲ್ಲೂ ಮೂವತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ. ವರ್ಧಕವೆಂದರೆ ಬರೀ ದೊಡ್ಡದು ಮಾಡುವ ಪೆಟ್ಟಿಗೆಯಲ್ಲ, ಅದು ಜರಡಿಯೂ ಹೌದು.

ಸ್ಟುಡಿಯೋದಲ್ಲಿ ಇದನ್ನು ಪರೀಕ್ಷಿಸುವಾಗ ಎರಡು ತೊಡಕು ಬಂದವು. ಮೂರು ಹಂತ ಜೋಡಿಸಿದ ಕೂಡಲೇ ಯಾವ ಧ್ವನಿಯೂ ಇಲ್ಲದೆ ಮಂಡಲ ತಾನೇ ಅಲೆಯತೊಡಗಿತು. ಜಾತ್ರೆಯಲ್ಲಿ ಮೈಕಿನ ಮುಂದೆ ಸ್ಪೀಕರ್ ಇಟ್ಟರೆ ಕುಂಯ್ ಎಂದು ಕೂಗುವುದಿಲ್ಲವೇ, ಅದೇ ಕಾಯಿಲೆ. ವರ್ಧನೆ ಐನೂರು ಇದ್ದರೆ, ಹೊರಗಿನ ತಂತಿಯಿಂದ ಐನೂರರಲ್ಲಿ ಒಂದು ಪಾಲು ಒಳಗಿನ ತಂತಿಗೆ ಸೋರಿದರೂ ಸಾಕು. ಒಳಬರುವ ತಂತಿಯನ್ನೂ ಹೊರಹೋಗುವ ತಂತಿಯನ್ನೂ ತಟ್ಟೆಯ ಎರಡು ತುದಿಗಳಲ್ಲಿಟ್ಟು, ಆಪ್-ಆಂಪಿನ ಕಾಲಿನ ಬಳಿಯೇ ವಿದ್ಯುತ್ ಪೂರೈಕೆಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಅದು ಸುಮ್ಮನಾಯಿತು.

ಎರಡನೆಯ ತೊಡಕು ನಮ್ಮ ವೃತ್ತಿಯದೇ. ಆಗಿನ್ನೂ ನಮ್ಮಲ್ಲಿ ಕೊಳವೆಯ ಮಾನಿಟರುಗಳಿದ್ದವು. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625 ಹರ್ಟ್ಸ್. ಅದರ ಎರಡರಷ್ಟು 31,250, ಮೂರರಷ್ಟು 46,875. ನಮ್ಮ 40 ಸಾವಿರದ ಎರಡೂ ಪಕ್ಕದಲ್ಲಿ ಇವು ಕುಳಿತಿದ್ದವು. ಗ್ರಾಹಕದ ಹರಳು ಅವನ್ನು ಕೇಳಿಸಿಕೊಳ್ಳುವುದಿಲ್ಲ, ಅದಕ್ಕೆ 40ರ ಆಸುಪಾಸು ಮಾತ್ರ ಪ್ರಿಯ. ಆದರೆ ಈ ಸದ್ದು ಹರಳಿನ ಮೂಲಕ ಬರುತ್ತಿರಲಿಲ್ಲ, ತಂತಿಗೇ ನೇರವಾಗಿ ಅಂಟುತ್ತಿತ್ತು. ಲೋಹದ ಹೆಣಿಗೆ ಹೊದೆಸಿದ ತಂತಿ ಹಾಕಿದ ಮೇಲೆ ಹೋಯಿತು.

ಟಿವಿಗೂ ಶ್ರವಣಾತೀತ ಧ್ವನಿಗೂ ಹಳೆಯ ನಂಟಿದೆ. 1956ರಲ್ಲಿ ಅಮೆರಿಕದ ಝೆನಿತ್ ಕಂಪನಿ ತಂದ, ರಾಬರ್ಟ್ ಆಡ್ಲರ್ ರೂಪಿಸಿದ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳಿಗೆ ಬಡಿದು 40 ಕಿಲೋಹರ್ಟ್ಸಿನ ಆಸುಪಾಸಿನ ಧ್ವನಿ ಹೊರಡುತ್ತಿತ್ತು. ಆದರೆ ಬೀಗದ ಕೈಗೊಂಚಲು ಕುಲುಕಿದರೂ ಕೆಲವೊಮ್ಮೆ ಚಾನಲ್ ಬದಲಾಗಿಬಿಡುತ್ತಿತ್ತು. ಕಿವಿ ಚುರುಕಾದಷ್ಟೂ ತಪ್ಪು ಕೇಳುವ ಅಪಾಯವೂ ಹೆಚ್ಚು ಎಂಬುದು ಅಂದಿನಿಂದಲೂ ಇರುವ ಪಾಠ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಕಲಿತಿರಲಿಲ್ಲ.

ಈಗ ಟ್ಯಾಂಕಿಗೆ ಮರಳೋಣ. ಸ್ಟುಡಿಯೋದ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಯಂತ್ರ ಟ್ಯಾಂಕಿನಲ್ಲೇಕೆ ಸುಳ್ಳು ಹೇಳಿತು? ಬೆಳಿಗ್ಗೆ ಏಣಿ ಹತ್ತಿ ಆಸಿಲೋಸ್ಕೋಪಿನಲ್ಲಿ ನೋಡಿದಾಗ ಗೊತ್ತಾಯಿತು. ಮುಚ್ಚಳದಿಂದ ಸುಮಾರು 40 ಸೆಂಟಿಮೀಟರ್ ಕೆಳಗೆ, ಗೋಡೆಯ ಪಕ್ಕ, ನೀರು ಬೀಳುವ ಪೈಪಿನ ಬಾಯಿ ಇತ್ತು. ಅದರಿಂದ ಸುಮಾರು 2 ಮಿಲಿವೋಲ್ಟಿನ ಪ್ರತಿಧ್ವನಿ ಬರುತ್ತಿತ್ತು. ನಾನು ಇಟ್ಟಿದ್ದ ಮೂರು ಹಂತಗಳ ವರ್ಧನೆ ಸುಮಾರು 500. ಪೈಪಿನ 2 ಮಿಲಿವೋಲ್ಟ್ 1 ವೋಲ್ಟಾಯಿತು. ಹೋಲಿಸುವ ಮಂಡಲಕ್ಕೆ, ಎಂದರೆ ಕಂಪ್ಯಾರೇಟರಿಗೆ, ನಾನು ಕಟ್ಟಿದ್ದ ಹೊಸ್ತಿಲು ಅರ್ಧ ವೋಲ್ಟ್. ಪೈಪು ಹೊಸ್ತಿಲು ದಾಟಿ ಒಳಗೆ ಬಂತು. ಗಡಿಯಾರ 2.3 ಮಿಲಿಸೆಕೆಂಡಿಗೆ ನಿಂತಿತು. ತಳದ ನಿಜವಾದ ಪ್ರತಿಧ್ವನಿ 12 ಮಿಲಿಸೆಕೆಂಡ್ ತಡವಾಗಿ ಬಂದಾಗ ಕೇಳುವವರು ಯಾರೂ ಇರಲಿಲ್ಲ. ಹಸಿರು ದೀಪ ಹತ್ತಿತು.

ಹೊಸ್ತಿಲನ್ನು ಎತ್ತರಿಸಿದರೆ? ಪೈಪಿನದೂ 2 ಮಿಲಿವೋಲ್ಟ್, ತಳದ್ದೂ 2 ಮಿಲಿವೋಲ್ಟ್. ಪೈಪನ್ನು ಹೊರಗಿಟ್ಟರೆ ತಳವೂ ಹೊರಗೆ ಉಳಿಯುತ್ತದೆ. ಎಷ್ಟು ವರ್ಧಿಸಿದರೂ ಎರಡೂ ಒಟ್ಟಿಗೇ ಬೆಳೆಯುತ್ತವೆ. ನಾನು ಕಂಗೆಟ್ಟು ಕುಳಿತೆ.

ದಾರಿ ತೋರಿಸಿದ್ದು ಅದೇ ಜಿಲ್ಲೆಯ ಒಂದು ಜೀವಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಹೆಯಲ್ಲಿ ಒಂದು ಪುಟ್ಟ ಬಾವಲಿ ಇದೆ. 1994ರಲ್ಲಿ ಅದಕ್ಕೆ ಹಿಪ್ಪೋಸಿಡೆರಾಸ್ ಹೈಪೋಫಿಲಸ್ ಎಂಬ ವೈಜ್ಞಾನಿಕ ಹೆಸರು ಬಂತು; ಸಾಮಾನ್ಯ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ಅದು ತೀವ್ರ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಸುತ್ತಿನ ಕಲ್ಲುಗಣಿಗಾರಿಕೆ ಅದರ ನೆಲೆಗೆ ದೊಡ್ಡ ಅಪಾಯವಾಗಿತ್ತು. ಅದು 100 ಕಿಲೋಹರ್ಟ್ಸಿಗಿಂತ ತುಸು ಮೇಲಿನ ಧ್ವನಿಯಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಕತ್ತಲಲ್ಲಿ ಹಾರುತ್ತದೆ.

ಬಾವಲಿಯ ಮುಂದೆಯೂ ನಮ್ಮದೇ ಸಮಸ್ಯೆ ಇದೆ. ತನ್ನ ಕೂಗು ಕಿವಿಗಡಚಿಕ್ಕುವಷ್ಟು ದೊಡ್ಡದು, ಹುಳುವಿನಿಂದ ಬರುವ ಪ್ರತಿಧ್ವನಿ ತೀರ ಸಣ್ಣದು. ಅನೇಕ ಜಾತಿಯ ಬಾವಲಿಗಳಲ್ಲಿ ವಿಜ್ಞಾನಿಗಳು ಕಂಡದ್ದೇನೆಂದರೆ, ಕೂಗುವ ಹೊತ್ತಿಗೆ ನಡುಕಿವಿಯ ಪುಟ್ಟ ಸ್ನಾಯುಗಳು ಬಿಗಿಯಾಗಿ ಕಿವಿಯನ್ನು ಮಂದ ಮಾಡುತ್ತವೆ. ಕೂಗು ಮುಗಿದ ಮೇಲೆ ಸಡಿಲಗೊಂಡು ಕಿವಿ ಮತ್ತೆ ಚುರುಕಾಗುತ್ತದೆ. ಹತ್ತಿರದ ದೊಡ್ಡ ಪ್ರತಿಧ್ವನಿ ಬರುವಾಗ ಮಂದ, ದೂರದ ಸಣ್ಣದು ಬರುವಾಗ ಚುರುಕು. ಕಿವಿಯ ಚುರುಕುತನ ಕಾಲದೊಂದಿಗೆ ಬದಲಾಗುತ್ತದೆ.

ನನಗೆ ಬೇಕಾದದ್ದು ಇದೇ ಆಗಿತ್ತು. ಹತ್ತಿರದ ನೀರಿನ ಪ್ರತಿಧ್ವನಿ 26 ಮಿಲಿವೋಲ್ಟ್. ಹತ್ತಿರದ ಪೈಪಿನದು 2. ಆ ಹೊತ್ತಿನಲ್ಲಿ ಹೊಸ್ತಿಲು ಎತ್ತರವಿರಬೇಕು. ಹೊತ್ತು ಕಳೆದಂತೆ ಅದು ಇಳಿಯಬೇಕು.

ಮೊದಲು ಮೂರನೆಯ ಹಂತವನ್ನು ಕಿತ್ತುಹಾಕಿದೆ. ಉಳಿದ ಎರಡರ ವರ್ಧನೆ ಸುಮಾರು 65. ಬಳಿಕ ಹೊಸ್ತಿಲಿಗೆ 47 ನ್ಯಾನೋಫ್ಯಾರಡಿನ ಒಂದು ಕೆಪಾಸಿಟರ್ ಇಟ್ಟೆ. ಪ್ರತಿ ಸಲ ಪ್ರೇಷಕ ಕೂಗುವಾಗ ಅದು ಮಧ್ಯಬಿಂದುವಿಗಿಂತ 0.8 ವೋಲ್ಟ್ ಮೇಲಕ್ಕೆ ತುಂಬಿಕೊಳ್ಳುತ್ತದೆ. ನಂತರ 100 ಕಿಲೋಓಮ್ ರೆಸಿಸ್ಟರಿನ ಮೂಲಕ ನಿಧಾನವಾಗಿ ಬರಿದಾಗುತ್ತದೆ. ಈ ಎರಡರ ಗುಣಲಬ್ಧ 4.7 ಮಿಲಿಸೆಕೆಂಡ್, ಅಷ್ಟು ಹೊತ್ತಿನಲ್ಲಿ ವೋಲ್ಟೇಜು ಮೊದಲಿನ ಶೇಕಡ 37ಕ್ಕೆ ಇಳಿಯುತ್ತದೆ.

ಈಗ ಲೆಕ್ಕ ನೋಡಿ. 2.3 ಮಿಲಿಸೆಕೆಂಡಿನಲ್ಲಿ ಹೊಸ್ತಿಲು 0.49 ವೋಲ್ಟ್. ಪೈಪಿನ ಪ್ರತಿಧ್ವನಿ ವರ್ಧಿಸಿದ ಮೇಲೆ 0.13 ವೋಲ್ಟ್, ಹೊರಗೇ ಉಳಿಯಿತು. ಅದೇ ದೂರದಲ್ಲಿ ನೀರಿದ್ದರೆ 1.7 ವೋಲ್ಟ್, ಸಲೀಸಾಗಿ ಒಳಬರುತ್ತದೆ. 14.3 ಮಿಲಿಸೆಕೆಂಡಿನ ಹೊತ್ತಿಗೆ ಹೊಸ್ತಿಲು 0.04 ವೋಲ್ಟಿಗೆ ಇಳಿದಿರುತ್ತದೆ. ಖಾಲಿ ಟ್ಯಾಂಕಿನ ತಳದಿಂದ ಬಂದ 0.13 ವೋಲ್ಟ್ ಅದನ್ನು ದಾಟುತ್ತದೆ. ಪೈಪು ಮತ್ತು ತಳ ಎರಡರ ಸದ್ದೂ ಒಂದೇ ಅಳತೆಯದು. ಆದರೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದೆವು. ಗೆದ್ದದ್ದು ವರ್ಧನೆಯನ್ನು ಹೆಚ್ಚಿಸಿ ಅಲ್ಲ, ಕಡಿಮೆ ಮಾಡಿ.

ಇನ್ನೆರಡು ಎಚ್ಚರಿಕೆಗಳನ್ನೂ ಸೇರಿಸಿದೆ. ಪ್ರೇಷಕದ ಕೂಗು ಹತ್ತಿರದ ಗ್ರಾಹಕಕ್ಕೆ ನೇರವಾಗಿ ಸೋರುತ್ತದೆ. ಗಂಟೆ ಬಾರಿಸಿದ ಮೇಲೆಯೂ ನಾದ ಉಳಿಯುವಂತೆ ಹರಳು ಸ್ವಲ್ಪ ಹೊತ್ತು ಅಲುಗುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಒಂದು ಮಿಲಿಸೆಕೆಂಡ್ ಏನು ಕೇಳಿದರೂ ಲೆಕ್ಕಕ್ಕಿಲ್ಲ. ಇದರಿಂದ ಮೊದಲ 17 ಸೆಂಟಿಮೀಟರ್ ಕುರುಡಾಗುತ್ತದೆ, ಚಿಂತೆಯಿಲ್ಲ. ಎರಡನೆಯದಾಗಿ, ಐದು ಸಲ ಅಳೆದು ಮೂರು ಸಲವಾದರೂ ಒಂದೇ ಉತ್ತರ ಬಂದರೆ ಮಾತ್ರ ನಂಬುವುದು.

ಇದರ ಮಿತಿಗಳನ್ನೂ ತಿಳಿದಿರಬೇಕು. ಉಷ್ಣತೆ 15ರಿಂದ 35 ಡಿಗ್ರಿಗೆ ಏರಿದರೆ ಧ್ವನಿಯ ವೇಗ ಶೇಕಡ ಮೂರೂವರೆಯಷ್ಟು ಹೆಚ್ಚುತ್ತದೆ. 2 ಮೀಟರಿನಲ್ಲಿ 7 ಸೆಂಟಿಮೀಟರ್ ತಪ್ಪು. ಜೊತೆಗೊಂದು ಉಷ್ಣತಾ ಸಂವೇದಕವಿದ್ದರೆ ಸರಿಪಡಿಸಬಹುದು. ಇದರಿಂದ ಸಾವಿರ ಅಡಿಯ ಕೊಳವೆಬಾವಿ ಅಳೆಯಬಹುದೇ ಎಂದು ಅಂದು ಆ ಊರಿನ ಹುಡುಗನೊಬ್ಬ ಕೇಳಿದ. ಆಗದು. 40 ಕಿಲೋಹರ್ಟ್ಸ್ ಧ್ವನಿಯನ್ನು ಗಾಳಿ ಪ್ರತಿ ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಹೆಚ್ಚು ನುಂಗುತ್ತದೆ. 300 ಮೀಟರ್ ಇಳಿದು ಹತ್ತಿ ಬರುವಷ್ಟರಲ್ಲಿ 600 ಡೆಸಿಬೆಲ್ ಎಂದೇ ಇಟ್ಟುಕೊಳ್ಳಿ. ಒಂದರ ಮುಂದೆ ಮೂವತ್ತು ಸೊನ್ನೆ ಬರೆದಷ್ಟು ಪಟ್ಟು ಇಳಿಕೆ. ಯಾವ ವರ್ಧಕವೂ ಅದನ್ನು ಮರಳಿ ತಾರದು. ಟ್ಯಾಂಕು, ಸಂಪು, ಕೆಲವು ಮೀಟರ್ ಆಳದ ತೆರೆದ ಬಾವಿ, ಇವು ಇದರ ಕ್ಷೇತ್ರ.

ಇಂದು ಕೆಲವು ನೂರು ರೂಪಾಯಿಯೊಳಗೆ ಸಿದ್ಧ ಸಂವೇದಕ ಸಿಗುತ್ತದೆ. ಎಚ್‌ಸಿ-ಎಸ್‌ಆರ್04 ಎಂಬ ಹೆಸರಿನ ತಟ್ಟೆಯನ್ನು ನಿಮ್ಮಲ್ಲಿ ಹಲವರು ಆರ್ಡುಯಿನೋ ಜೊತೆ ಬಳಸಿರುತ್ತೀರಿ. ಅದರ ಹಿಂಬದಿಯನ್ನು ಒಮ್ಮೆ ತಿರುಗಿಸಿ ನೋಡಿ. ಅಲ್ಲಿ ಹೆಚ್ಚಾಗಿ ನಾಲ್ಕು ಆಪ್-ಆಂಪುಗಳ ಒಂದು ಚಿಪ್ಪು ಇರುತ್ತದೆ. ನಾನು ಈವರೆಗೆ ಹೇಳಿದ ವರ್ಧಕವೂ ಜರಡಿಯೂ ಹೊಸ್ತಿಲೂ ಅಲ್ಲೇ ಇವೆ. ಬರುವ ಅಂಕಿಯನ್ನು ಬರೆದುಕೊಳ್ಳುವುದಷ್ಟೇ ವಿಜ್ಞಾನವಲ್ಲ. ಆ ಅಂಕಿ ಹೇಗೆ ತಪ್ಪಾಗಬಹುದು ಎಂದು ಕೇಳುವುದೂ ವಿಜ್ಞಾನ.

ಕೊನೆಗೆ ಆ ಮೋಟರ್ ಮನೆಯಲ್ಲಿ ನಾನು ಎರಡಲ್ಲ, ಮೂರು ದೀಪ ಇಟ್ಟು ಬಂದೆ. ಐದರಲ್ಲಿ ಮೂರು ಅಳತೆ ಹೊಂದದಿದ್ದರೆ ಹಳದಿ ದೀಪ. "ಇದು ಹತ್ತಿದರೆ ಏನು ಸಾರ್?" ಎಂದು ನೀರುಗಂಟಿ ಕೇಳಿದರು. "ಮಿಷನ್ನಿಗೆ ಸರಿಯಾಗಿ ಕೇಳಿಸಲಿಲ್ಲ ಅಂತ. ಆಗ ಮಾತ್ರ ನೀವು ಏಣಿ ಹತ್ತಬೇಕು" ಎಂದೆ. ಅವರು ತಲೆಯಾಡಿಸಿ, "ಅಂಗೇ ಒಪ್ಪಿಕೊಂಡ್ರೆ ಸರಿ ಬಿಡಿ" ಎಂದರು. ಅಂದು ರಾತ್ರಿ ಕೆಂಪು ದೀಪ ಹತ್ತಿದಾಗ ಅವರು ಎದ್ದು ಮೋಟರು ಹಾಕಿದರು; ಬೆಳಿಗ್ಗೆ ಕೊಳಾಯಿಯಲ್ಲಿ ನೀರು ಬಂತು.

ನಿಮ್ಮ ಮನೆಯ ಸಂಪಿಗೋ ಶಾಲೆಯ ಟ್ಯಾಂಕಿಗೋ ಇಂತಹದೊಂದನ್ನು ನೀವೂ ಮಾಡಿ ನೋಡಿ. ಬ್ಯಾಟರಿಯಿಂದಲೇ ಮಾಡಿ, ಮೋಟರಿನ ವಿದ್ಯುತ್ತಿಗೆ ಕೈಹಾಕಬೇಡಿ, ಟ್ಯಾಂಕು ಹತ್ತುವಾಗ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಹಳದಿ ದೀಪವನ್ನು ಮಾತ್ರ ಮರೆಯಬೇಡಿ.